ದೋಣಿಯಣ್ಣನ ಮೋಟಾರು ಕೈಕೊಟ್ಟ ದಿನ

ಬೆಳಗ್ಗೆ ಏಳೂವರೆಗೆ ದೋಣಿಯಣ್ಣ ಕೀಲಿ ತಿರುಗಿಸಿದ. ಮೋಟಾರು "ಕಿಟ್" ಅಂದಿತು. ಇನ್ನೊಮ್ಮೆ ತಿರುಗಿಸಿದ. ಮತ್ತೆ "ಕಿಟ್". ಮೂರನೆಯ ಸಲ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮಲಗಿದ ಮಗುವಿನ ಕೈಯಿಂದ ಗಿಲಕಿ ಬಿಡಿಸಿಕೊಳ್ಳುವವನ ಹಾಗೆ ಮೆಲ್ಲಗೆ ತಿರುಗಿಸಿದ. ಮೋಟಾರಿಗೆ ಕರುಣೆ ಹುಟ್ಟಲಿಲ್ಲ. "ಕಿಟ್" ಅಂದು ಸುಮ್ಮನಾಯಿತು.

ಬೇರೆ ದಿನವಾಗಿದ್ದರೆ ಅವನು ತಲೆಯನ್ನೇ ಕೆಡಿಸಿಕೊಳ್ಳುತ್ತಿರಲಿಲ್ಲ. ದೋಣಿಯ ಹಿಂಬದಿಗೆ ಉಡದ ಹಾಗೆ ಕಚ್ಚಿಕೊಂಡಿದ್ದ ಆ ಮೋಟಾರಿಗೆ ಇಪ್ಪತ್ತಾರು ವರ್ಷ. ವಾರಕ್ಕೊಮ್ಮೆ ಮುನಿಸಿಕೊಳ್ಳುವುದು ಅದರ ಹುಟ್ಟುಗುಣ. ಹಗ್ಗ ಎಳೆದು ಶುರು ಮಾಡುವ ಏರ್ಪಾಡು ಮುರಿದು ಯಾವ ಕಾಲವಾಯಿತೋ, ಆ ಭಾಗ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೆರೆಯ ಆಚೆ ದಡಕ್ಕೆ ಹೋಗುವವರೆಲ್ಲ ಇದನ್ನು ಬಲ್ಲರು. ದಾಟಲು ಹತ್ತು ನಿಮಿಷ, ಮೋಟಾರಿನ ಮನವೊಲಿಸಲು ಇಪ್ಪತ್ತು ನಿಮಿಷ ಎಂದು ಲೆಕ್ಕ ಹಾಕಿಯೇ ಮನೆ ಬಿಡುತ್ತಿದ್ದರು.

ಆದರೆ ಇವತ್ತು ಗುರುವಾರ. ಆಚೆ ದಡದಲ್ಲಿರುವ ದೋಣಿ ತರಬೇತಿ ಶಾಲೆಯಿಂದ ಹೋದ ವಾರ ಒಂದು ಪತ್ರ ಬಂದಿತ್ತು. ಶಾಲೆಯಲ್ಲಿ ಒಂದು ಖಾಯಂ ಕೆಲಸವಿದೆ, ಗುರುವಾರ ಸಂಜೆ ನಾಲ್ಕು ಗಂಟೆಗೆ ನಮ್ಮ ಮುಖ್ಯಸ್ಥರು ಖುದ್ದಾಗಿ ಬಂದು ನಿಮ್ಮನ್ನೂ ನಿಮ್ಮ ಮೋಟಾರನ್ನೂ ನೋಡುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಹೆಂಡತಿ ಅದನ್ನು ನಾಲ್ಕು ಸಲ ಓದಿ, ಒಳ್ಳೆಯ ಬಟ್ಟೆಗಳ ನಡುವೆ ಮಡಿಸಿಟ್ಟಿದ್ದಳು. ಕೆರೆಯ ಆ ತುದಿಯಲ್ಲಿ ಸೇತುವೆಯ ಕಂಬಗಳು ಎದ್ದು ನಿಂತಿದ್ದವು. ಸೇತುವೆ ಮುಗಿದ ಮೇಲೆ ದೋಣಿ ಹತ್ತುವವರು ಯಾರು? ಇಪ್ಪತ್ತೆರಡು ವರ್ಷ ನೀರಿನ ಮೇಲೆ ತೇಲಿದವನು ಮುಂದೆ ನೆಲದ ಮೇಲೆ ಏನು ಮಾಡಬೇಕು? ಈ ಎರಡು ಪ್ರಶ್ನೆಗಳಿಗೆ ಆ ಪತ್ರವೊಂದೇ ಉತ್ತರವಾಗಿತ್ತು. ಮುಖ್ಯಸ್ಥರ ಎದುರು ಮೋಟಾರು "ಕಿಟ್" ಅಂದರೆ ಆ ಉತ್ತರವೂ ನೀರುಪಾಲು.

ಕಾದು ಕೂತಿದ್ದ ನಾಲ್ವರನ್ನು ಪಕ್ಕದ ಹುಟ್ಟಿನ ದೋಣಿಗೆ ಸಾಗಹಾಕಿ, ದೋಣಿಯಣ್ಣ ಬ್ಯಾಟರಿಯ ಮುಚ್ಚಳ ತೆಗೆದ. ರೋಗ ಕಣ್ಣೆದುರಿಗೇ ಇತ್ತು. ತಂತಿ ಕಚ್ಚುವ ಎರಡು ಟರ್ಮಿನಲ್ಲುಗಳ ಸುತ್ತಲೂ ಹಸಿರು ಬಿಳಿ ಕಿಲುಬು ಹೂವಿನಂತೆ ಅರಳಿತ್ತು. ಅಲ್ಲಿಂದ ಕರೆಂಟು ಹೊರಡಬೇಕಾದರೆ ಅದಕ್ಕೇ ಉಸಿರು ಕಟ್ಟಬೇಕು. ಅವನು ಅಂಗಿಯ ತೋಳು ಮಡಿಸಿ, ಉಪ್ಪುಕಾಗದ ಹಿಡಿದು ತಿಕ್ಕಲು ಕೂತ. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಯಾರೂ ಬರದೆ ಇದ್ದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ.

"ಭಾವ! ಅಕ್ಕ ಹೇಳಿದ್ಲು. ನೀನು ಮುಟ್ಬೇಡ, ನಾನು ಬಂದೆ!"

ಹೆಂಡತಿಯ ತಮ್ಮ. ಊರಿನ ಫ್ಯಾನು, ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ರಿಪೇರಿ ಮಾಡುವವನು. ಅವನ ಕೈಗೆ ಬಂದ ಫ್ಯಾನು ತಿರುಗುವುದೇನೋ ಖಂಡಿತ, ಯಾವ ದಿಕ್ಕಿಗೆ ಎಂಬುದಷ್ಟೇ ಅನುಮಾನ. ಅವನು ದೋಣಿಗೆ ಹಾರಿ, ಸ್ಪ್ಯಾನರುಗಳಿಂದ ಕೊಡದಂತೆ ಭಾರವಾಗಿದ್ದ ಚೀಲವನ್ನು ಎಲ್ಲಿಡುವುದೆಂದು ಸುತ್ತ ನೋಡಿದ. ದೋಣಿಯ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಕೈಗೆ ಸಿಕ್ಕಿದ್ದು ಗೇರಿನ ಹಿಡಿ. ಚೀಲವನ್ನು ಅದಕ್ಕೇ ನೇತುಹಾಕಿದ.

ಎಡವಟ್ಟು ಆದದ್ದು ಇಲ್ಲೇ. ಆ ಹಿಡಿ ನೆಟ್ಟಗೆ ನಿಂತರೆ ನ್ಯೂಟ್ರಲ್. ನೆಟ್ಟಗಿಲ್ಲದಿದ್ದರೆ ಕೀಲಿ ಎಷ್ಟು ತಿರುಗಿಸಿದರೂ ಕರೆಂಟು ಮುಂದೆ ಹೋಗದಂತೆ ಒಳಗೊಂದು ಚಿಕ್ಕ ಸ್ವಿಚ್ಚು ಕಾವಲು ಕೂತಿರುತ್ತದೆ. ಗೇರಿನಲ್ಲಿರುವಾಗ ಮೋಟಾರು ಶುರುವಾಗಿ ದೋಣಿ ಜಿಗಿಯದಿರಲಿ ಎಂದು ಮಾಡಿದವರ ಮುನ್ನೆಚ್ಚರಿಕೆ. ಹೊಸತರಲ್ಲಿ ಹಿಡಿ ಬಿಗಿಯಾಗಿತ್ತು. ಈಗ ಒಳಗಿನ ಹಲ್ಲೆಲ್ಲ ಸವೆದು, ಚೀಲದ ಭಾರಕ್ಕೆ ಒಂದಿಷ್ಟು ಮುಂದಕ್ಕೆ ವಾಲಿತು. ಭಾವ ಬ್ಯಾಟರಿಯ ಮೇಲೆ ಬಗ್ಗಿದ್ದ. ಭಾವಮೈದ ಭಾವನ ಮೇಲೆ ಬಗ್ಗಿದ್ದ. ಹಿಡಿಯನ್ನು ನೋಡುವವರು ಯಾರು?

ಟರ್ಮಿನಲ್ಲುಗಳು ಹೊಸ ನಾಣ್ಯದ ಹಾಗೆ ಹೊಳೆದವು. ದೋಣಿಯಣ್ಣ ನಂಬಿಕೆಯಿಂದ ಕೀಲಿ ತಿರುಗಿಸಿದ.

"ಕಿಟ್" ಕೂಡ ಇಲ್ಲ.

"ನೋಡಿದ್ಯಾ?" ಭಾವಮೈದನ ದನಿಯಲ್ಲಿ ಗೆಲುವಿತ್ತು. "ಮುಟ್ಬೇಡ ಅಂದೆ. ಮೊದ್ಲು ಕಿಟ್ ಅಂತಾದ್ರೂ ಅಂತಿತ್ತು. ಈಗ ಅದೂ ಹೋಯ್ತು."

"ಬರೀ ಕಿಲುಬು ತೆಗೆದೆ ಕಣೋ!"

"ಕೆಲವು ಯಂತ್ರ ಕಿಲುಬಿನ ಮೇಲೇ ನಿಂತಿರುತ್ತೆ ಭಾವ. ಏಳು, ಫ್ಯೂಸ್ ನೋಡೋಣ."

ಫ್ಯೂಸ್ ಚೆನ್ನಾಗಿತ್ತು. ಚೆನ್ನಾಗಿದ್ದರೂ ತೆಗೆದದ್ದಾಯಿತಲ್ಲ ಎಂದು ಹೊಸದನ್ನೇ ಹಾಕಿದರು. ಮೋಟಾರು ಮೌನವ್ರತ ಬಿಡಲಿಲ್ಲ.

ಹತ್ತು ಗಂಟೆಗೆ ಗಣಿತದ ಮೇಷ್ಟ್ರು ಬಂದರು. ನಿವೃತ್ತರಾಗಿ ಎಂಟು ವರ್ಷವಾಗಿತ್ತು, ಪಾಠ ಮಾಡುವ ಚಟ ಮಾತ್ರ ನಿವೃತ್ತಿ ಪಡೆದಿರಲಿಲ್ಲ. ಕೈಯಲ್ಲಿ ನೋಟ್‌ಬುಕ್ಕು, ಕಂಕುಳಲ್ಲಿ ಛತ್ರಿ. ದೋಣಿಯ ಅಂಚಿನ ಮೇಲೆ ಕೂತು, ಛತ್ರಿಯನ್ನು ಚೀಲದ ಪಕ್ಕದಲ್ಲೇ ತೂಗುಹಾಕಿದರು.

"ಏನಪ್ಪಾ, ಕರೆಂಟು ಅಂದ್ರೆ ಏನು? ನೀರಿದ್ದ ಹಾಗೆ. ನಲ್ಲೀಲಿ ನೀರು ಬರ್ತಿಲ್ಲ ಅಂದ್ರೆ ಏನ್ ಮಾಡ್ತೀಯ? ಟ್ಯಾಂಕಿನಿಂದ ಹಿಡಿದು ಒಂದೊಂದೇ ಕೊಳವೆ ನೋಡ್ಕೊಂಡು ಬರ್ತೀಯ. ಹಾಗೇ ಇದೂನೂ. ಬ್ಯಾಟರಿ, ಫ್ಯೂಸು, ಕೀಲಿ, ಕರೆಂಟು ದಾಟಿಸೋ ರಿಲೇ, ಕೊನೆಗೆ ಮೋಟಾರು ಎಬ್ಬಿಸೋ ಸೆಲ್ಫು. ಅನುಕ್ರಮ ಬೇಕಪ್ಪ, ಅನುಕ್ರಮ!"

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ಆದರೆ ಗೇರಿನ ಹಿಡಿ ಅವರ ಪಟ್ಟಿಯಲ್ಲಿ ಇರಲಿಲ್ಲ. ಅದು ಅವರ ಛತ್ರಿಯ ಕೆಳಗಿತ್ತು.

ಅಲ್ಲಿಂದ ಮಧ್ಯಾಹ್ನದವರೆಗೆ ಅನುಕ್ರಮ ನಡೆಯಿತು. ಮೇಷ್ಟ್ರು ಚಿತ್ರ ಬರೆದರು. ಭಾವಮೈದ ಒಂದೊಂದೇ ತಂತಿ ಬಿಚ್ಚಿ, ಚಿಕ್ಕ ಬಲ್ಬು ಹಚ್ಚಿ ನೋಡಿ, ಹಳತಾಗಿದೆ ಎಂದು ಕಿತ್ತು ಹೊಸದು ಹಾಕಿದ. ದೋಣಿಯಣ್ಣ ತಂತಿಯ ಜೋಡಣೆಗಳನ್ನೆಲ್ಲ ತಿಕ್ಕಿ ತಿಕ್ಕಿ ಬೆರಳ ತುದಿಯ ಚರ್ಮವನ್ನೇ ಕಳೆದುಕೊಂಡ. ಒಂದೊಂದು ಹೆಜ್ಜೆಯಾದ ಮೇಲೂ ಕೀಲಿ ತಿರುಗಿಸುವುದು, ಮೂವರೂ ಕಿವಿ ನಿಮಿರಿಸುವುದು, ಮೂವರೂ ಒಟ್ಟಿಗೆ ನಿಟ್ಟುಸಿರು ಬಿಡುವುದು. ಹನ್ನೆರಡಾಯಿತು, ಒಂದಾಯಿತು. ದೋಣಿಯಣ್ಣ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಇಷ್ಟಕ್ಕೆಲ್ಲ ಅಳ್ತಾರೇನಯ್ಯ?" ದಡದಿಂದ ಗುಡುಗಿದಂಥ ದನಿ.

ಲಾರಿ ಡ್ರೈವರಣ್ಣ. ಮೂವತ್ತು ವರ್ಷ ಲಾರಿ ಓಡಿಸಿದವನು. ಯಂತ್ರವೆಂದರೆ ಎತ್ತಿನ ಹಾಗೆ, ಹೆದರಿಸಿದರೆ ನಡೆಯುತ್ತದೆ ಎಂದು ನಂಬಿದವನು. ಊರಿಗೆಲ್ಲ ಸುದ್ದಿ ಹಬ್ಬಿದ ಮೇಲೆ ಅವನೊಬ್ಬ ಹೇಗೆ ಮನೆಯಲ್ಲಿ ಕೂತಾನು? ಮೈಮೇಲಿನ ದಪ್ಪ ಕೋಟು ಬಿಚ್ಚಿ ದೋಣಿಗೆ ಇಳಿದ. ಕೋಟಿಗೆ ಯಾವ ಜಾಗ ಸಿಕ್ಕಿತೆಂದು ಬೇರೆ ಹೇಳಬೇಕಾಗಿಲ್ಲ. ಮೂರನೆಯ ಭಾರ ಬಿದ್ದದ್ದೇ ಹಿಡಿ ತನ್ನ ಮರ್ಯಾದೆಯನ್ನೆಲ್ಲ ಬಿಟ್ಟು ಪೂರ್ತಿ ಮುಂದಕ್ಕೆ ಬಾಗಿತು.

"ಸೆಲ್ಫ್ ಹೊಡೀತಿಲ್ಲ, ಅಷ್ಟೇ ತಾನೆ? ಕೀಲಿಯಿಂದ ಸೆಲ್ಫ್‌ವರೆಗೆ ಯಾಕೆ ಸುತ್ತು ಹಾಕ್ಬೇಕು? ರಿಲೇ ಮೇಲೆ ಎರಡು ದಪ್ಪ ಬೋಲ್ಟು ಇದೆ ನೋಡು. ಎರಡಕ್ಕೂ ಸ್ಪ್ಯಾನರ್ ಅಡ್ಡ ಇಟ್ರೆ ಸತ್ತ ಲಾರೀನೂ ಎದ್ದು ಕೂರುತ್ತೆ. ಕೀಲಿ ಆನ್ ಮಾಡಿಡು."

"ಡ್ರೈವರಣ್ಣ, ಅನುಕ್ರಮ—" ಎಂದರು ಮೇಷ್ಟ್ರು.

"ನಿಮ್ಮ ಅನುಕ್ರಮಕ್ಕೆ ಬೆಳಗ್ಗೆಯಿಂದ ಒಂದು ಕಿಟ್ಟೂ ಹುಟ್ಟಿಲ್ಲ ಮೇಷ್ಟ್ರೇ."

ಸ್ಪ್ಯಾನರ್ ಅಡ್ಡ ಬಿತ್ತು. ಕಿಡಿ ಹಾರಿತು. ಕಾವಲು ಕೂತಿದ್ದ ಚಿಕ್ಕ ಸ್ವಿಚ್ಚನ್ನು ಬದಿಗೆ ಬಿಟ್ಟು ಕರೆಂಟು ಅಡ್ಡದಾರಿ ಹಿಡಿದು ಸೆಲ್ಫಿಗೆ ಹೊಡೆಯಿತು. ಮೋಟಾರು "ಗುರ್" ಎಂದು ಎದ್ದಿತು. "ಆಯ್ತು!" ಎಂದು ಭಾವಮೈದ ಕೂಗುವುದಕ್ಕೂ ದೋಣಿ ಹೊಡೆತ ತಿಂದ ಕುದುರೆಯ ಹಾಗೆ ಮುಂದಕ್ಕೆ ನೆಗೆಯುವುದಕ್ಕೂ ಸರಿಹೋಯಿತು. ಕರೆಂಟು ನೀರಿದ್ದ ಹಾಗೆ ಎನ್ನುತ್ತಿದ್ದ ಮೇಷ್ಟ್ರು ಅಂಚಿನಿಂದ ಉರುಳಿ ನಿಜವಾದ ನೀರಿಗೇ ಬಿದ್ದರು. ಸೊಂಟದುದ್ದ ನೀರಿನಲ್ಲಿ ಎದ್ದು ನಿಂತಾಗ ಅವರ ಒಂದು ಕೈ ಮಾತ್ರ ಒಣಗಿತ್ತು. ಅದರಲ್ಲಿ ನೋಟ್‌ಬುಕ್ಕು ಇತ್ತು. ಕಟ್ಟಿದ್ದ ಹಗ್ಗ ಬಿಗಿದು, ದಡದ ಗೂಟ ಬೇರುಸಹಿತ ಕಿತ್ತು ಬಂದು, ದೋಣಿಯ ಹಿಂದೆ ನಾಯಿಯಂತೆ ಓಡಿತು. ದೋಣಿಯಣ್ಣ ಬಿದ್ದಲ್ಲಿಂದಲೇ ಕೈ ಚಾಚಿ ಕೀಲಿ ಆರಿಸಿದ.

ಹುಟ್ಟು ಹಾಕಿಕೊಂಡು ದಡಕ್ಕೆ ಬರುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ದೋಣಿಯಣ್ಣ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. "ಇನ್ನೇನೂ ಮಾಡ್ಬೇಡಿ. ಬರ್ಲಿ ಅವರು. ನನ್ನ ಹಣೆಬರಹ ಇಷ್ಟೇ ಅಂದ್ಕೋತೀನಿ" ಎಂದ.

ಗಲಾಟೆ ಕೇಳಿ ಹೆಂಡತಿ ಮೆಟ್ಟಿಲಿಳಿದು ಬಂದಳು. ಗೋಡೆಯ ಪಟ ಕೂದಲೆಳೆಯಷ್ಟು ಓರೆಯಾಗಿದ್ದರೂ ನೆಟ್ಟಗೆ ಮಾಡದೆ ಮುಂದೆ ಹೋಗದ ಹೆಂಗಸು ಅವಳು. ಅವಳ ಕಣ್ಣು ಗಂಡನ ಮೇಲೂ ಬೀಳಲಿಲ್ಲ, ಒದ್ದೆ ಮೇಷ್ಟ್ರ ಮೇಲೂ ಬೀಳಲಿಲ್ಲ.

"ಇದೇನ್ರೀ ಇದು, ಗೇರಿನ ಹಿಡೀನ ಬಟ್ಟೆ ಗೂಟ ಮಾಡ್ಕೊಂಡಿದ್ದೀರಾ? ನೇತುಹಾಕೋಕೆ ಬೇರೆ ಜಾಗ ಇರ್ಲಿಲ್ವಾ ನಿಮಗೆ?"

ಕೋಟು ಡ್ರೈವರಣ್ಣನ ಹೆಗಲಿಗೆ ಬಿತ್ತು. ಛತ್ರಿ ಮೇಷ್ಟ್ರ ಕೈ ಸೇರಿತು. ಚೀಲವನ್ನು ತಮ್ಮನ ಕಾಲ ಮೇಲೆ ಇಟ್ಟಳು, ಅವನು "ಅಯ್ಯೋ" ಎಂದ. ಕೊನೆಗೆ ಓರೆಯಾಗಿದ್ದ ಹಿಡಿಯನ್ನು ಸೆಳೆದು ನೆಟ್ಟಗೆ ನಿಲ್ಲಿಸಿ, ಸೆರಗಿನಿಂದ ಒರೆಸಿದಳು.

ನಾಲ್ವರು ಗಂಡಸರೂ ಆ ಹಿಡಿಯನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ದೋಣಿಯಣ್ಣ ಎದ್ದು ಕೀಲಿ ತಿರುಗಿಸಿದ. ಅರ್ಧ ತಿರುಗುವಷ್ಟರಲ್ಲೇ ಮೋಟಾರು "ಗುರ್" ಎಂದು ಶುರುವಾಗಿ, ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದಷ್ಟು ನಯವಾಗಿ ಗುನುಗತೊಡಗಿತು.

"ನಾನು ಹಾಕಿದ ತಂತಿ!" ಎಂದ ಭಾವಮೈದ.

"ಅನುಕ್ರಮ!" ಎಂದರು ಮೇಷ್ಟ್ರು, ಸೀನುತ್ತ.

"ಒಂದು ಸಲ ಹೆದರಿಸಿದ್ದಕ್ಕೆ ದಾರಿಗೆ ಬಂತು" ಎಂದ ಡ್ರೈವರಣ್ಣ.

ಮೂವರಿಗೂ ಒಳಗೊಳಗೇ ತಪ್ಪು ಚುಚ್ಚುತ್ತಿತ್ತೋ ಏನೋ, ತಾವಾಗಿಯೇ ಒಂದು ಒಪ್ಪಂದಕ್ಕೆ ಬಂದರು. ಮುಖ್ಯಸ್ಥರ ಎದುರು ಬೆಳಗ್ಗೆಯಿಂದ ನಡೆದದ್ದರ ಬಗ್ಗೆ ಯಾರೂ ತುಟಿಪಿಟಕ್ಕೆನ್ನಕೂಡದು. ಈ ಮೋಟಾರು ಹುಟ್ಟಿದಾಗಿನಿಂದ ಒಂದು ದಿನವೂ ಕೈಕೊಟ್ಟಿಲ್ಲ. ಕೇಳಿದರೆ ಹಾಗೆಂದೇ ಹೇಳಬೇಕು, ಕೇಳದಿದ್ದರೂ ಹೇಳಬೇಕು.

ನಾಲ್ಕಕ್ಕೆ ಸರಿಯಾಗಿ ಒಂದು ವ್ಯಾನು ಬಂದು ನಿಂತಿತು. ಅದರಿಂದ ಐವತ್ತರ ಆಸುಪಾಸಿನ ಚುರುಕಾದ ಮೇಡಂ ಒಬ್ಬರು, ಶಾಲೆಯ ಮುಖ್ಯಸ್ಥರು, ಇಳಿದರು. ವ್ಯಾನಿನ ಹಿಂಭಾಗ ಖಾಲಿ. ದಪ್ಪ ಹಗ್ಗಗಳು, ಒಂದು ಹಳೆಯ ಹಾಸಿಗೆ ಮಾತ್ರ ಇದ್ದವು.

"ನೋಡಿದ್ಯಾ ಭಾವ, ಖಾಲಿ ವ್ಯಾನು" ಭಾವಮೈದ ಕಿವಿಯಲ್ಲಿ ಪಿಸುಗುಟ್ಟಿದ. "ನಿನ್ನ ಮನೆ ಸಾಮಾನು ಸಾಗಿಸೋಕೇ ಬಂದಿದೆ. ಇರೋಕೆ ಕ್ವಾರ್ಟರ್ಸೂ ಕೊಡ್ತಾರೆ ಕಾಣುತ್ತೆ."

ದೋಣಿಯಣ್ಣನ ಎದೆ ಹಿಗ್ಗಿತು. ಮೇಡಂ ನಗುನಗುತ್ತ ದೋಣಿಗೆ ಇಳಿದು, ಮೋಟಾರಿನ ಬೆನ್ನು ತಟ್ಟಿ, "ಇದೇನಾ ಅದು? ಎಲ್ಲಿ, ಕೀಲಿ ತಿರುಗಿಸಿ ನೋಡೋಣ" ಎಂದರು.

"ಗುರ್."

ಮೇಡಂ ಮುಖದ ನಗು ಸ್ವಲ್ಪ ಇಳಿಯಿತು. "ಇನ್ನೊಂದ್ಸಲ?"

"ಗುರ್."

"ಇದು ಯಾವಾಗ್ಲೂ ಹೀಗೇನಾ?"

"ಯಾವಾಗ್ಲೂ ಮೇಡಂ!" ಮೂವರೂ ಒಕ್ಕೊರಲಿನಿಂದ ಕೂಗಿದರು. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದು, "ಎಂಟು ವರ್ಷದಿಂದ ಗಮನಿಸ್ತಿದ್ದೀನಿ. ಗಡಿಯಾರ ತಪ್ಪಬಹುದು, ಇದು ತಪ್ಪಲ್ಲ" ಎಂದು ಸೇರಿಸಿದರು. ಅವರ ಪ್ಯಾಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಮೇಡಂ ದೋಣಿಯ ಹಲಗೆಯ ಮೇಲೆ ಕುಸಿದು ಕೂತರು. "ಛೆ, ಎಂಥಾ ಕೆಲಸ ಆಯ್ತು! ನಮ್ಮ ಗುಮಾಸ್ತೆ ನಿಮ್ಮ ದೋಣೀಲೇ ಓಡಾಡೋದು. ಪ್ರತಿ ವಾರ ತಡವಾಗಿ ಬಂದು, ಆ ಮೋಟಾರು ಶುರುವಾಗ್ಲಿಲ್ಲ ಮೇಡಂ ಅಂತಿದ್ಲು. ಒಂದು ವಾರ ಫ್ಯೂಸ್ ಅಂತೆ, ಒಂದು ವಾರ ತಂತಿ ಅಂತೆ, ಆದ್ರೆ ದೋಣಿಯಣ್ಣ ಮಾತ್ರ ಇಪ್ಪತ್ತೇ ನಿಮಿಷದಲ್ಲಿ ಕಂಡುಹಿಡೀತಾರೆ ಅಂತೆ. ನಮ್ಮ ಶಾಲೇಲಿ ಇರೋ ಮೋಟಾರೆಲ್ಲ ಹೊಸವು, ಕೀಲಿ ತಿರುಗಿಸಿದ್ರೆ ಶುರು. ಮಕ್ಕಳಿಗೆ ರಿಪೇರಿ ಕಲಿಸೋದು ಹೇಗೆ ಹೇಳಿ? ನನಗೆ ಬೇಕಾಗಿದ್ದು ಶುರುವಾಗದೇ ಇರೋ ಮೋಟಾರು, ಮತ್ತೆ ಅದರ ಕಾಯಿಲೆಯೆಲ್ಲ ಬಲ್ಲ ಒಬ್ಬ ಮೇಷ್ಟ್ರು."

ಮೂವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಮೇಡಂ," ದೋಣಿಯಣ್ಣನಿಗೆ ಮಾತು ತೊದಲಿತು, "ಶುರುವಾಗಲ್ಲ ಮೇಡಂ ಇದು! ಆಣೆ ಮಾಡಿ ಹೇಳ್ತೀನಿ! ಬೆಳಗ್ಗೆಯಿಂದ ಜೀವ ತಿಂದಿದೆ! ಕೇಳಿ ಬೇಕಾದ್ರೆ ಇವರನ್ನ!"

ಇವರು ಎಂದರೆ ಒಪ್ಪಂದ ಮಾಡಿಕೊಂಡ ಮೂವರು. ಭಾವಮೈದ ಕೆಮ್ಮಿದ. ಡ್ರೈವರಣ್ಣ ಕೋಟಿನ ಗುಂಡಿ ಎಣಿಸಿದ. ಕೊನೆಗೆ ಮೇಷ್ಟ್ರು, "ಹೌದು ಮೇಡಂ, ಕೆಟ್ಟ ಮೋಟಾರು, ಬಹಳ ಕೆಟ್ಟದ್ದು" ಎಂದರು. ಈಗಷ್ಟೇ ಗಡಿಯಾರಕ್ಕೆ ಹೋಲಿಸಿದ ನಾಲಿಗೆಯನ್ನು ಮೇಡಂ ಹೇಗೆ ನಂಬಿಯಾರು?

"ಪಾಪ, ಕೆಲಸ ಬೇಕು ಅಂತ ಒಳ್ಳೆ ಮೋಟಾರಿಗೆ ಕೆಟ್ಟ ಹೆಸರು ತರ್ಬೇಡಿ" ಎಂದರು ಮೇಡಂ ಮೃದುವಾಗಿ.

ದೋಣಿಯಣ್ಣ ಸುಲಭಕ್ಕೆ ಬಿಡುವ ಪೈಕಿಯಲ್ಲ. "ರಸ್ತೇಲಿ ಹೋದ್ರೆ ಸುತ್ತು ಮೇಡಂ. ನಾನೇ ಆಚೆ ದಡಕ್ಕೆ ಬಿಡ್ತೀನಿ, ಕೂತ್ಕೊಳ್ಳಿ" ಎಂದ. ಮೋಟಾರು ಒಯ್ಯಲೆಂದು ತಂದಿದ್ದ ಖಾಲಿ ವ್ಯಾನನ್ನು ಅದರ ಚಾಲಕ ಖಾಲಿಯಾಗಿಯೇ ಓಡಿಸಿಕೊಂಡು ಹೊರಟ. ನಡುಗೆರೆಯಲ್ಲಾದರೂ ಮೋಟಾರು ತನ್ನ ಹಳೆಯ ಗುಣ ತೋರಿಸೀತು ಎಂಬ ಆಸೆ ಅವನಿಗೆ. ದಡ ದೂರವಾದದ್ದೇ ಕೀಲಿ ಆರಿಸಿದ.

"ಈಗ ನೋಡಿ ಮೇಡಂ."

"ಗುರ್."

"ಬಿಸಿಯಾಗಿದೆ, ಅದಕ್ಕೆ. ಸ್ವಲ್ಪ ತಣ್ಣಗಾಗ್ಲಿ." ಐದು ನಿಮಿಷ ಇಬ್ಬರೂ ಸುಮ್ಮನೆ ತೇಲಿದರು. "ಈಗ."

"ಗುರ್."

ಹೀಗೆ ಏಳು ಸಲವಾಯಿತು. ಯಾವ ಜೋಡಣೆ ನೋಡಿದರೂ ಹೊಳಪು, ಯಾವ ತಂತಿ ನೋಡಿದರೂ ಹೊಸದು. ಇಲ್ಲದ ರೋಗಕ್ಕೆ ಬೆಳಗ್ಗೆಯಿಂದ ಮಾಡಿದ ಮದ್ದು ಮುಂದೆ ಬರಬೇಕಾದ ರೋಗಗಳನ್ನೆಲ್ಲ ಗುಣ ಮಾಡಿಬಿಟ್ಟಿತ್ತು. ಎಂಟನೆಯ ಸಲಕ್ಕೆ ಕೈ ಹೋದಾಗ ಮೇಡಂ ಕೈಮುಗಿದು, "ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು ಕಣ್ರೀ" ಎಂದರು.

ಆಚೆ ದಡದಲ್ಲಿ ಇಳಿದ ಮೇಲೆ ಅವರು ಒಂದು ಗಳಿಗೆ ನಿಂತರು. ಅವನ ಸವೆದ ಬೆರಳ ತುದಿಗಳನ್ನು ನೋಡಿದರೋ, ಮುಖ ನೋಡಿದರೋ, ದನಿ ಮೆತ್ತಗಾಯಿತು. "ನೋಡಿ, ಆ ಕೆಲಸ ಈ ತಿಂಗಳ ಕೊನೇವರೆಗೂ ಬೇರೆ ಯಾರಿಗೂ ಕೊಡಲ್ಲ. ಯಾವತ್ತು ಇದು ಶುರುವಾಗಲ್ವೋ ಆವತ್ತೇ ತಗೊಂಡು ಬನ್ನಿ. ಆದ್ರೆ ನೀವಾಗಿ ಕೆಡಿಸಿ ತರ್ಬೇಡಿ. ಕೆಡಿಸಿದ್ದನ್ನ ಹುಡುಕೋದು ಕಳ್ಳನ್ನ ಹುಡುಕಿದ ಹಾಗೆ. ತಾನಾಗಿ ಕೆಟ್ಟಿದ್ದನ್ನ ಹುಡುಕೋದನ್ನೇ ಮಕ್ಕಳಿಗೆ ಕಲಿಸ್ಬೇಕು."

"ಆಗ್ಲಿ ಮೇಡಂ. ಆದ್ರೆ ಶುರುವಾಗದೆ ಹೋದ್ರೆ ಕೆರೆ ದಾಟಿ ಬರೋದು ಹೇಗೆ?"

"ಹುಟ್ಟು ಹಾಕ್ಕೊಂಡು ಬನ್ನಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ."

ಅವನು ಮರಳಿದಾಗ ಹೆಂಡತಿ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ಎಲ್ಲವನ್ನೂ ಕೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನು ಗೋಳಾಡಿದರೆ ಅವಳು ನಕ್ಕುಬಿಟ್ಟಳು. "ಅದು ಯಾವತ್ತು ರೀ ಒಂದು ವಾರ ನೆಟ್ಟಗಿತ್ತು? ಇನ್ನೂ ಇಪ್ಪತ್ತಮೂರು ದಿನ ಇದೆ. ಕೆಡುತ್ತೆ ಬಿಡಿ, ನಾನು ಹೇಳ್ತೀನಲ್ಲ. ನಾಳೆ ಬೆಳಗ್ಗೆನೇ ಕೆಡ್ಬಹುದು." ಆ ಮಾತಿಗೆ ಅವನ ಎದೆ ಹಗುರಾಯಿತು. ಮದುವೆಯಾದಾಗಿನಿಂದ ಅವಳು ಹೇಳಿದ್ದು ಸುಳ್ಳಾದದ್ದು ಕಡಿಮೆ. ಆ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ.

ಮಾರನೆಯ ಬೆಳಗ್ಗೆ ಏಳೂವರೆಗೆ ಹುಟ್ಟುಗಳನ್ನು ತೊಳೆದು ಕೈಗೆಟುಕುವಲ್ಲಿ ಇಟ್ಟುಕೊಂಡ. ಒಳ್ಳೆಯ ಅಂಗಿ ತೊಟ್ಟಿದ್ದ. ಹೆಂಡತಿ ಪತ್ರವನ್ನು ಅವನ ಜೇಬಿಗೆ ಹಾಕಿ ದಡದಲ್ಲಿ ನಿಂತಳು. ದೋಣಿಯಲ್ಲಿದ್ದ ಆರು ಜನ ರೂಢಿಯಂತೆ ಇಪ್ಪತ್ತು ನಿಮಿಷ ಕಾಯಲು ಸಿದ್ಧರಾಗಿ ಪತ್ರಿಕೆ ಬಿಡಿಸಿದರು. ದೋಣಿಯಣ್ಣ ಮನಸ್ಸಿನಲ್ಲೇ, ಇವತ್ತೊಂದು ದಿನ ಕೈಕೊಟ್ಟುಬಿಡು ನನ್ನಪ್ಪ, ಎಂದು ಬೇಡಿಕೊಂಡು ಕೀಲಿಗೆ ಕೈ ಹಾಕಿದ.

ಕೀಲಿ ಪೂರ್ತಿ ತಿರುಗುವ ಮೊದಲೇ ಮೋಟಾರು ಶುರುವಾಯಿತು. ಆರು ಜನರೂ ಪತ್ರಿಕೆ ಮಡಿಸಿ ಚಪ್ಪಾಳೆ ತಟ್ಟಿದರು.

ದೋಣಿಯಣ್ಣ ಹ್ಯಾಪುಮೋರೆ ಹಾಕಿಕೊಂಡು ದಡದ ಕಡೆ ತಿರುಗಿದ. ಹೆಂಡತಿ ಅಲ್ಲಿಂದಲೇ ಕೈಬೀಸಿ ಕೂಗಿ ಹೇಳಿದಳು:

"ಹೋಗ್ಲಿ ಬಿಡಿ ರೀ, ನಾಳೆ ನೋಡೋಣ!"